ಮೂವತ್ತನಾಲ್ಕನೇ ಸಲದ ಬೆರೆಜಿನಾ

ನಲವತ್ತೇಳನೇ ವಯಸ್ಸಿನಲ್ಲಿ ಒಂದು ಹೊಲಿಗೆ ಮಿಷನ್ನು, ಎರಡು ಟ್ರಂಕು ಕಟ್ಟಿಕೊಂಡು ನಾನು ಆ ಊರಿಗೆ ಬಂದಿಳಿದಾಗ ಕಂಡವರೆಲ್ಲ ಮೊದಲು ಕನಿಕರಪಟ್ಟರು. "ಪಾಪ, ಇನ್ನೊಂದು ವರ್ಷ ನಿಮ್ಮದು ಅಂತ ಏನೂ ಕೇಳಿಸಲ್ಲ ನೋಡಿ" ಎಂದು ಹಾಲು ಹಾಕುವವಳು ಹೇಳಿದಳು. ಆ ಊರಿನಲ್ಲಿ ನಾಲ್ಕು ಗೋಡೆಯೊಳಗೆ ಆಡಿದ ಮಾತು ವರ್ಷಕ್ಕೆ ಸರಿಯಾಗಿ, ಅದೇ ತಾರೀಖು, ಅದೇ ಹೊತ್ತಿಗೆ, ಆಡಿದ ಜಾಗದಲ್ಲೇ ಇನ್ನೊಮ್ಮೆ ಕೇಳಿಸುತ್ತಿತ್ತು. ಅದೂ ಒಂದೇ ಸಲ. ಅದಕ್ಕೆ ಮರುಮಾತು ಎನ್ನುತ್ತಿದ್ದರು. ಗಂಡ ಹೆಂಡಿರು ಜಗಳಕ್ಕೆ ನಿಂತರೆ ಮನೆಯ ಹಿರಿಯರು "ಕೆರೆ ಏರಿಗೆ ಹೋಗಿ ಆಡ್ಕೊಳ್ರಪ್ಪ" ಎಂದು ಅಟ್ಟುತ್ತಿದ್ದರು. ಬಯಲಿನಲ್ಲಿ ಆಡಿದ್ದು ತಿರುಗಿ ಬರುವುದಿಲ್ಲವಲ್ಲ. ಮಗು ಮೊದಲ ಸಲ ಅಮ್ಮ ಎಂದ ದಿನ ಮರುವರ್ಷ ಬಂದರೆ ಸಾಕು, ತಾಯಂದಿರು ಯಾವ ಮದುವೆ ಮುಂಜಿಗೂ ಹೋಗದೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಸಾವಾದ ಮನೆಗೆ ಒಂದು ವರ್ಷ ಸುಣ್ಣ ಬಳಿಯುತ್ತಿರಲಿಲ್ಲ, ಹಂಚು ತೆಗೆಯುತ್ತಿರಲಿಲ್ಲ. ಬಾಡಿಗೆಗೆ ಮನೆ ಹುಡುಕುವವರು ನೀರು, ಗಾಳಿ ಕೇಳುವುದಕ್ಕೆ ಮುಂಚೆ ಹಿಂದೆ ಇದ್ದವರ ಬಾಯಿ ಹೇಗಿತ್ತು ಎಂದು ಕೇಳುತ್ತಿದ್ದರು.

ನಾನೂ ಕೇಳಿದೆ. ಹಳೆಯ ಫೋಟೋ ಸ್ಟುಡಿಯೋ ಮೇಲಿನ ಮಹಡಿ ಕೋಣೆಯನ್ನು ತೋರಿಸುತ್ತ ಮಾಲೀಕ ಮರಿಗೌಡರು ಗಂಟಲು ಸರಿಮಾಡಿಕೊಂಡರು. "ಮೇಷ್ಟ್ರೊಬ್ಬರಿದ್ರು. ತೀರಿಕೊಂಡ್ರು. ಸಂಜೆ ಹೊತ್ತು ಬರೋರು, ಒಬ್ಬರೇ ಏನೋ ಲೆಕ್ಕ ಹೇಳ್ಕೊಳ್ಳೋರು. ಕೆಟ್ಟ ಮಾತು ಒಂದೂ ಇಲ್ಲ, ಅದಕ್ಕೆ ನಾನು ಗ್ಯಾರಂಟಿ." ಕೋಣೆಯ ನಡುವೆ ಆರಡಿ ಉದ್ದದ ಗಟ್ಟಿ ಮೇಜು ಇತ್ತು. ಹಸಿರು ಬಣ್ಣ ಬಳಿದು, ಅಡ್ಡಕ್ಕೆ ಅಂಕುಡೊಂಕಾದ ನೀಲಿ ಪಟ್ಟಿ ಎಳೆದಿದ್ದರು. ನನಗೆ ಕಟಿಂಗ್ ಟೇಬಲ್ ಬೇಕಾಗಿತ್ತು. ಮರುಮಾತಿನ ಯೋಚನೆ ಬಿಟ್ಟು ಬೀಗದ ಕೈ ತೆಗೆದುಕೊಂಡೆ.

ಜುಲೈ ನಡುವಿನಲ್ಲಿ ಒಂದು ದಿನ, ನನ್ನ ಹೊಲಿಗೆ ಕ್ಲಾಸಿನ ಹೆಂಗಸರೆಲ್ಲ ಹೋದ ಮೇಲೆ, ನಾಲ್ಕು ಗಂಟೆಗೆ ಹತ್ತು ನಿಮಿಷ ಇದ್ದಾಗ, ಯಾರೋ ನನ್ನ ಮೊಣಕೈ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿತು. "ಹೂಂ. ಹನ್ನೆರಡನೇ ಸಲ. ಬೆರೆಜಿನಾ." ತುಸು ಗೊಗ್ಗರು ದನಿ, ಅವಸರವಿಲ್ಲ. "ಸೇತುವೆ ಹತ್ರ ಒಂದು ದಂಡು. ಗುಡ್ಡದ ಬುಡಕ್ಕೆ ಇನ್ನೊಂದು. ಕುದುರೆಗಳು ಆರು ಇಂಚು ಹಿಂದೆ." ಇಂಚು ಎಂದದ್ದೇ ತಡ, ನನ್ನ ಕೈ ತಾನಾಗಿ ಕೊರಳಲ್ಲಿದ್ದ ಅಳತೆ ಟೇಪಿಗೆ ಹೋಯಿತು. ಇಪ್ಪತ್ತೈದು ವರ್ಷ ಇಂಚಿನಲ್ಲೇ ಬದುಕಿದವಳು ನಾನು. ಒಬ್ಬ ಗಂಡಸು ಇಷ್ಟು ಅಕ್ಕರೆಯಿಂದ ಇಂಚು ಎಣಿಸಿದ್ದನ್ನು ಕೇಳಿರಲಿಲ್ಲ.

ನಾಲ್ಕಾರು ದಿನ ಸುಮ್ಮನೆ ಕೇಳಿದೆ. ಆಮೇಲೆ ಸ್ಟೂಲು ಹಾಕಿ ಅಟ್ಟ ಹುಡುಕಿದೆ. ಮರಿಗೌಡರು ಎತ್ತಿಟ್ಟಿದ್ದ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ ಸಿಪಾಯಿಗಳು, ಇನ್ನೂರಕ್ಕೆ ಮೇಲೆ. ಒಬ್ಬೊಬ್ಬನೂ ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ. ಸೀಸದ ಮೈ, ಅದರ ಮೇಲೆ ಬಣ್ಣ. ನೀಲಿ ಕೋಟಿನವರು ಫ್ರಾನ್ಸಿನ ಕಡೆ, ಹಸಿರು ಕೋಟಿನವರು ರಷ್ಯಾದ ಕಡೆ. ಒಂದೊಂದು ಮುಖಕ್ಕೂ ಕಣ್ಣಿತ್ತು, ಕಣ್ಣಿಗೆ ಹುಬ್ಬಿತ್ತು, ಕೆಲವರ ಮೀಸೆಯ ಮೇಲೆ ಬಿಳಿ ಚುಕ್ಕಿಯಿಟ್ಟು ಮಂಜು ಕೂರಿಸಿದ್ದರು. ಜೊತೆಗೆ ಬೆಂಕಿಕಡ್ಡಿಗಳಿಂದ ಮಾಡಿದ ಸೇತುವೆ, ಎರಡು ದಾಳ, ಚೀಟಿಗಳು ತುಂಬಿದ ಡಬ್ಬಿ, ನಲವತ್ತು ಹುಣಸೆ ಬೀಜ. ಮೇಜಿನ ನೀಲಿ ಪಟ್ಟಿ ನದಿ ಎಂದು ಆಗ ಹೊಳೆಯಿತು. ಒಂದೂವರೆ ತಿಂಗಳು ಅದರ ಮೇಲೆ ಲಂಗ ರವಿಕೆ ಕತ್ತರಿಸಿದ್ದೆ.

ಆಟ ಏನೆಂದು ಅವರ ಬಾಯಿಂದಲೇ ಕಲಿತೆ. ಪಾಠ ಹೇಳಿ ರೂಢಿಯಾದ ಮನುಷ್ಯ, ಕೈ ಮಾಡಿದ್ದನ್ನೆಲ್ಲ ಬಾಯಿ ಹೇಳುತ್ತಿತ್ತು. ನೆಪೋಲಿಯನ್ನನ ಸೈನ್ಯ ರಷ್ಯಾದಲ್ಲಿ ಸೋತು, ಹಿಮದಲ್ಲಿ ನವೆದು, ಊರ ಕಡೆ ಹೊರಟಿದೆ. ಅಡ್ಡಕ್ಕೆ ಬೆರೆಜಿನಾ ನದಿ. ಸೇತುವೆ ದಾಟಬೇಕಾದವರು ಗಾಯಗೊಂಡವರು, ಅಡುಗೆಯವರು, ಗಾಡಿ ಹೊಡೆಯುವವರು, ಹಿಂದೆ ಬಿದ್ದವರು. ಅವರೇ ಹುಣಸೆ ಬೀಜ. ಅವರು ದಾಟುವ ತನಕ ಹಿಂಬದಿಯ ಒಂದು ಚಿಕ್ಕ ದಂಡು ಶತ್ರುವನ್ನು ತಡೆದು ನಿಲ್ಲಬೇಕು. ಹನ್ನೆರಡು ಸುತ್ತಿನೊಳಗೆ ಮೂವತ್ತು ಬೀಜ ದಾಟಿದರೆ, ತಡೆದು ನಿಂತವರಲ್ಲಿ ಒಂದು ಗುಂಪಾದರೂ ಹಿಂದೆ ಬಂದರೆ, ಗೆದ್ದ ಹಾಗೆ. ದಂಡನ್ನು ಬೇಗ ಹಿಂದಕ್ಕೆ ಕರೆದರೆ ಬೀಜಗಳು ದಂಡೆಯಲ್ಲೇ ಉಳಿಯುತ್ತವೆ, ತಡ ಮಾಡಿದರೆ ದಂಡೇ ಉಳಿಯುವುದಿಲ್ಲ. ಮೇಷ್ಟ್ರು ಪ್ರತಿ ಸಲವೂ ಎಂಟನೇ ಸುತ್ತಿಗೋ ಒಂಬತ್ತನೇ ಸುತ್ತಿಗೋ ಸೋಲುತ್ತಿದ್ದರು. ಸೋತು, "ಇರ್ಲಿ, ಇನ್ನೊಂದ್ಸಲ" ಎನ್ನುತ್ತಿದ್ದರು. ಒಂದು ಯುದ್ಧಕ್ಕೆ ಹತ್ತು ಹನ್ನೆರಡು ಸಂಜೆ ಹಿಡಿಯುತ್ತಿತ್ತು. ನಾನು ಅವರು ಹೇಳಿದ ಹಾಗೆ ಟೇಪು ಹಿಡಿದು ಸಿಪಾಯಿಗಳನ್ನು ಸರಿಸುತ್ತಿದ್ದೆ, ಆ ದಿನದ ನಡೆಗಳನ್ನು ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದೆ. ಕ್ಲಾಸನ್ನು ಮೂರೂವರೆಗೇ ಮುಗಿಸತೊಡಗಿದೆ. ಕೇಳಿದವರಿಗೆ ಕಣ್ಣು ಉರಿ ಎಂದೆ.

ಎದುರಾಳಿಯಿಲ್ಲದ ಆಟ ಅದು. ರಷ್ಯಾದ ಕಡೆಗೆ ಡಬ್ಬಿಯಿಂದ ಚೀಟಿ ಎತ್ತಿ, ಅದರಲ್ಲಿ ಬಂದಂತೆ ನಡೆಸುತ್ತಿದ್ದರು. ಆದರೆ ಆ ಡಬ್ಬಿಗೆ ಒಂದು ಹೆಸರಿಟ್ಟಿದ್ದರು. "ಈಗ ಶಾಂಭವಿ ಸರದಿ" ಎಂದು ಚೀಟಿ ಎತ್ತುವರು. "ಅಯ್ಯಯ್ಯೋ, ಗುಡ್ಡದ ಮೇಲಕ್ಕೇ ತೋಪು ತಂದೆಯಲ್ಲೇ! ಬಲು ಕೆಟ್ಟವಳು ಕಣೇ ನೀನು." ಒಮ್ಮೊಮ್ಮೆ ದನಿ ಇಳಿಸಿ, "ಸುಸ್ತಾಯ್ತಾ? ಕಾಫಿ ಕುಡೀತೀಯಾ?" ಎಂದು ಕೇಳುವರು. ಮೊದಲಿಗೆ ಇನ್ನೊಬ್ಬರಿದ್ದಾರೇನೋ ಎಂದು ಕಿವಿಗೊಟ್ಟಿದ್ದೆ. ಯಾರೂ ಉತ್ತರ ಕೊಡುತ್ತಿರಲಿಲ್ಲ.

ದೀಪಾವಳಿಗೆ ಮುಂಚೆ ಬೆಳಗಿನ ಹೊತ್ತು ಅರವತ್ತು ದಾಟಿದ ಹೆಂಗಸೊಬ್ಬರು ರವಿಕೆ ಬಟ್ಟೆ ತಂದರು. ನೆಟ್ಟಗಿನ ಬೆನ್ನು, ಬಿಗಿದ ತುಟಿ. ಅಳತೆ ತೆಗೆದು ಹೆಸರು ಕೇಳಿದೆ.

"ಶಾಂಭವಿ. ಡ್ರಾಯಿಂಗ್ ದತ್ತಾತ್ರಿ ಮೇಷ್ಟ್ರ ಮನೆ ಅಂತ ಬರ್ಕೋ, ಎಲ್ರಿಗೂ ಗೊತ್ತು."

ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು. ಆಕೆಗೆ ಮಾತಾಡಬೇಕಾಗಿತ್ತೋ ಏನೋ, ಸ್ಟೂಲಿನ ಮೇಲೆ ಕೂತರು. "ಮಾರ್ಚಿನಲ್ಲಿ ಹೋದ್ರು. ಮನೇಲಿ ಮರುಮಾತು ಕಾಯ್ಕೊಂಡು ಕೂತಿರ್ತೀನಿ. ಏನಿದೆ ಅಂತೀಯ? ಉಪ್ಪು ಕಮ್ಮಿ. ಕನ್ನಡಕ ಎಲ್ಲಿ. ಮೂರೂವರೆಗೆ 'ಏರಿ ಕಡೆ ಹೋಗ್ಬರ್ತೀನಿ ಕಣೇ' ಅಂತಾರೆ, ಆಮೇಲೆ ಆರರವರೆಗೂ ಮನೆ ಬಿಕೋ ಅನ್ನುತ್ತೆ. ಆಡಿದ್ದೆಲ್ಲ ಆ ಕೆರೆ ಏರಿ ಮೇಲೆ ಆಡಿ ಬಂದ್ರು. ಬಯಲಿನ ಪಾಲಾಯ್ತು."

ನಾನು ದಾರದ ಉಂಡೆ ಹುಡುಕುವ ಹಾಗೆ ತಲೆ ತಗ್ಗಿಸಿದೆ.

"ನಂದೇ ತಪ್ಪು ಅನ್ನು. ಮನೆ ಹಾಲಿನಲ್ಲಿ ಸಿಪಾಯಿ ಇಟ್ಕೊಂಡು ಯುದ್ಧದ ಆಟ ಆಡೋರು. ಈ ವರ್ಷದ್ದೊಂದು ಯುದ್ಧ, ಹೋದ ವರ್ಷದ ಮರುಮಾತಿಂದು ಇನ್ನೊಂದು ಯುದ್ಧ, ಎರಡೂ ಒಟ್ಟೊಟ್ಟಿಗೆ! ತಲೆ ಚಿಟ್ಟು ಹಿಡಿದು, 'ನಿಮ್ಮ ದಂಡು ದಾಳಿ ಎಲ್ಲ ಹೊರಗೆ ಒಯ್ಯಿರಿ, ಇಲ್ಲ ನಾನೇ ಹೋಗ್ತೀನಿ' ಅಂದೆ. ಮಾರನೇ ದಿನವೇ ಎಲ್ಲ ಸ್ಕೂಲಿಗೆ ಕೊಟ್ಟುಬಂದೆ ಅಂದ್ರು. ಈ ಜುಲೈನಲ್ಲಿ ಅದೂ ತಿರುಗಿ ಬಂತಲ್ಲ. ನನ್ನ ಕೂಗು ನಾನೇ ಕೇಳಿದೆ. ಅವರು ಒಂದೇ ಒಂದು ಮಾತು, 'ಆಗ್ಲಿ ಕಣೇ' ಅಂದಿದ್ರು." ಅವರು ಕೈ ಊರಿಕೊಂಡಿದ್ದದ್ದು ನೀಲಿ ನದಿಯ ಮೇಲೆ. ಅದರ ಮೇಲೆ ನಾನು ಬಟ್ಟೆ ಹರಡಿದ್ದೆ.

ಹೇಳಬೇಕಿತ್ತು. ಹೇಳಲಿಲ್ಲ. ಹಬ್ಬ ಕಳೆಯಲಿ ಎಂದುಕೊಂಡೆ, ಅವರೇ ರವಿಕೆ ಒಯ್ಯಲು ಬಂದಾಗ ಹೇಳೋಣ ಎಂದುಕೊಂಡೆ. ಬಂದರು, ಒಯ್ದರು. ನಿಜ ಹೇಳಬೇಕೆಂದರೆ, ನನ್ನ ಕೋಣೆಗಳಲ್ಲಿ ಯಾವತ್ತೂ ಎದೆ ಸುತ್ತಳತೆ ಮೂವತ್ತಾರು, ತೋಳು ಒಂಬತ್ತು ಎನ್ನುವುದು ಬಿಟ್ಟು ಬೇರೆ ಮಾತು ಇರಲಿಲ್ಲ. ನಾಲ್ಕು ಗಂಟೆಗೆ ಒಬ್ಬರು ಬರುತ್ತಾರೆ ಎನ್ನುವುದಕ್ಕೆ ನಾನು ಒಗ್ಗಿಹೋಗಿದ್ದೆ. ತಲೆ ಬಾಚಿಕೊಂಡು ಕಾಯುತ್ತಿದ್ದೆ. ಮಾರ್ಚಿಗೆ ಹೇಗೂ ಮುಗಿಯುತ್ತದೆ, ಅಲ್ಲಿಯವರೆಗೆ ನನಗಿರಲಿ ಎಂದು ಕಳ್ಳ ಮನಸ್ಸು ಹೇಳಿತು.

ಸಂಕ್ರಾಂತಿಯ ದಿನವೂ ಮೇಷ್ಟ್ರು ಬಂದರು. ಅಂದು ಇಪ್ಪತ್ತೊಂಬತ್ತನೇ ಯುದ್ಧ ಎಂದೂ ಇಲ್ಲದಷ್ಟು ಚೆನ್ನಾಗಿ ನಡೆದಿತ್ತು. ಕುದುರೆಗಳು ಸರಿಯಾದ ಹೊತ್ತಿಗೆ ನುಗ್ಗಿ ತೋಪುಗಳ ಬಾಯಿ ಮುಚ್ಚಿಸಿದ್ದವು. ಹನ್ನೊಂದನೇ ಸುತ್ತು, ಇಪ್ಪತ್ತೆಂಟು ಬೀಜ ಆಚೆ ದಡ. "ಶಾಂಭವೀ!" ಎಂದು ಅವರು ಕೂಗಿಬಿಟ್ಟರು. "ಬಾರೇ, ನೋಡೇ ಇಲ್ಲಿ! ದಾಟ್ತಾ ಇದಾರೆ!"

"ನೋಡ್ದೆ" ಎಂದು ನನ್ನ ಬಾಯಿಂದ ಹೊರಟಿತ್ತು.

ಆಮೇಲೆ ಬಹಳ ಮೆಲ್ಲಗೆ, "ಛೇ. ಅವಳೆಲ್ಲಿ ಬಂದಾಳು" ಎಂದರು. ಆ ಸಂಜೆ ಇನ್ನೇನೂ ಆಡಲಿಲ್ಲ. ಮಾರನೆಯ ದಿನ ಹನ್ನೆರಡನೇ ಸುತ್ತಿನಲ್ಲಿ ದಾಳ ಕೈಕೊಟ್ಟು ಸೋತರು.

ಕರೆದದ್ದು ನನ್ನನ್ನಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಾಂಭವಮ್ಮನ ಮನೆಗೆ ಹೋಗಿ, ಹೊಸಲಿನ ಆಚೆಗೇ ನಿಂತು, ಅವರನ್ನು ಅಂಗಳಕ್ಕೆ ಕರೆದು ಎಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಕಂಬ ಹಿಡಿದುಕೊಂಡರು.

"ಅವರು ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ನೀವು ರವಿಕೆ ತಂದ ದಿನ."

"ದೀಪಾವಳಿ." ಅವರು ಬೆರಳು ಮಡಚಿ ಎಣಿಸಿದರು. "ಸಂಕ್ರಾಂತಿ ಆಗಿ ಮೂರು ದಿನ ಆಯ್ತು. ಒಂದೊಂದು ಮಾತೂ ಒಂದೇ ಸಲ ಬರೋ ಊರು ಕಣೇ ಇದು. ಎರಡು ತಿಂಗಳ ಮೇಲಾಯ್ತು, ನನ್ನ ಗಂಡನ ಮಾತು ನೀನು ತಿಂದುಕೊಂಡು ಕೂತಿದ್ದೀಯ."

"ತಪ್ಪಾಯ್ತಮ್ಮ."

"ತಪ್ಪಂತೆ! ನಾನು ಇಲ್ಲಿ 'ಉಪ್ಪು ಕಮ್ಮಿ' ಕೇಳ್ಕೊಂಡು ಅತ್ತಿದ್ದೀನಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬಿಸಿಲಲ್ಲಿ ನಿಂತೇ ಇದ್ದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸೀರೆ ಬದಲಾಯಿಸಿದ್ದರು. "ನಾಲ್ಕು ಗಂಟೆಗೆ ಅಂದೆಯಲ್ಲ? ನಡಿ, ಈಗಲೇ ಹೋಗಿ ಕೂರೋಣ."

ಅಂದು ಮೇಷ್ಟ್ರು ಮೂವತ್ತನೆಯ ಯುದ್ಧಕ್ಕೆ ಸಿಪಾಯಿಗಳನ್ನು ಜೋಡಿಸಿದರು. ಶಾಂಭವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಾನು ಗೋಡೆಗೆ ಅಂಟಿ ನಿಂತಿದ್ದೆ. "ಈಗ ಶಾಂಭವಿ ಸರದಿ" ಎಂದು ಕೇಳಿದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. "ತಗೋ, ಬಂದ್ಲು ನೋಡು, ನಾಲ್ಕು ತೋಪು ಎಳ್ಕೊಂಡು! ಈ ಹೆಂಗಸಿನ ಕೈಯಲ್ಲಿ ಬದುಕೋದು ಹೇಗಪ್ಪಾ." ಶಾಂಭವಮ್ಮ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ದನಿ ನಿಂತ ಮೇಲೆ ನನ್ನ ಕಡೆ ತಿರುಗಿ, "ಬಾ ಅಂತ ಎಷ್ಟು ಸಲ ಕರೆದಿದ್ರು ಗೊತ್ತಾ? ರಷ್ಯಾ ಕಡೆ ನೀನು ಆಡೇ, ಒಂದೇ ಸಲ ಆಡೇ ಅಂತ. ನಾನು ಬೇಳೆ ಬೇಯಿಸ್ಬೇಕು ಅಂದೆ" ಎಂದರು. ಆಮೇಲೆ, "ಅಲ್ಲಾ, ನಾನು ಇಷ್ಟು ಚೆನ್ನಾಗಿ ಕಾದಾಡ್ತೀನಾ?" ಎಂದರು.

ಅಂದಿನಿಂದ ದಿನಾ ಬಂದರು. ಮರುಮಾತು ಮುಗಿದ ಮೇಲೆ ನಾನು ಅಳತೆ ಪುಸ್ತಕ ತೆಗೆದು, ಅವರು ಕಳೆದುಕೊಂಡ ತಿಂಗಳುಗಳ ನಡೆಗಳನ್ನು ಓದುತ್ತಿದ್ದೆ. ಮೇಷ್ಟ್ರು ಎಲ್ಲಿ ನಕ್ಕರು, ಎಲ್ಲಿ ಕಾಫಿಗೆ ನಿಲ್ಲಿಸಿದರು ಎಂದೂ ಹೇಳುತ್ತಿದ್ದೆ. "ಹಾಗೆ ಹೇಳ್ತಿರಲಿಲ್ಲ ಅವರು, 'ಅಯ್ಯೋ ಶಿವನೇ'ನ ಇನ್ನೂ ಎಳೆಯೋರು" ಎಂದು ತಿದ್ದುತ್ತಿದ್ದರು. ನನ್ನ ಬಾಯಲ್ಲಿ ಅದು ಬರುತ್ತಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಆದರೂ ಓದಿಸಿಕೊಳ್ಳುತ್ತಿದ್ದರು.

ಮಾರ್ಚ್ ಒಂಬತ್ತಕ್ಕೆ ಮೂವತ್ತನಾಲ್ಕನೇ ಯುದ್ಧ ಎಂಟನೇ ಸುತ್ತು ಮುಗಿಸಿತ್ತು. "ಇಪ್ಪತ್ಮೂರು ದಾಟಿವೆ. ಕುದುರೆಗಳ್ನ ಈಗಲೇ ಬಿಡ್ಲಾ, ಇನ್ನೊಂದ್ ಸುತ್ತು ಕಾಯ್ಲಾ? ಊಂ... ಶಾಂಭವಿ ಏನ್ ಮಾಡ್ತಾಳೋ ನೋಡ್ಕೊಂಡು ಬಿಡೋಣ. ನಾಳೆ." ಅಷ್ಟೇ. ಆ ಕೋಣೆಯಲ್ಲಿ ಅವರ ಮಾತು ಮುಗಿಯಿತು. ಹೋದ ವರ್ಷ ಅದರ ಮಾರನೆಯ ಬೆಳಿಗ್ಗೆ ಅವರು ಬಚ್ಚಲಲ್ಲಿ ಕುಸಿದಿದ್ದರಂತೆ.

ಹತ್ತನೆಯ ತಾರೀಖು ಶಾಂಭವಮ್ಮ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಮೂರೂವರೆಗೇ ಬಂದರು. "ಬೆಳಿಗ್ಗೆ ಆಯ್ತು," ಎಂದರು. "ಬಿಸಿನೀರು ಕಾದಿದೆಯೇನೇ ಅಂದ್ರು. ಹೂಂ ಹೋಗಿ ಅಂದೆ. ಅದೇ ಕೊನೆ. ಇನ್ನು ಮನೇಲಿ ನಾನು ಅತ್ತಿದ್ದು ಬಿಟ್ರೆ ಏನೂ ಬರಲ್ಲ." ಸ್ಟೂಲನ್ನು ಮೇಜಿನ ಆ ಬದಿಗೆ, ಹಸಿರು ಕೋಟಿನವರ ಹಿಂದಕ್ಕೆ ಎಳೆದುಕೊಂಡು ಕೂತರು. ನಾನು ಚೀಟಿಯ ಡಬ್ಬಿ ಕೊಡಹೋದೆ. ಕೈಯಲ್ಲೇ ತಡೆದರು. "ಅದ್ಯಾಕೆ? ಶಾಂಭವಿ ಇದಾಳಲ್ಲ."

ನೀಲಿ ಕೋಟಿನವರು ನನ್ನ ಪಾಲಿಗೆ ಬಂದರು. ಆಕೆ ಬಿಟ್ಟುಕೊಡಬಹುದು, ಇವತ್ತಾದರೂ ಮೇಷ್ಟ್ರು ಗೆಲ್ಲಲಿ ಎಂದು ಕೈ ಸಡಿಲಿಸಬಹುದು ಎಂದುಕೊಂಡಿದ್ದೆ. ಆಕೆ ಒಂದೇ ಸಲಕ್ಕೆ ತೋಪುಗಳನ್ನು ಸೇತುವೆಗೆ ನೇರವಾಗಿ ತಂದರು. ಕಾಲಾಳುಗಳನ್ನು ಎಡದಿಂದ ಇಳಿಸಿದರು. ನಾನು ಮೇಷ್ಟ್ರು ಹೇಳಿದಂತೆ ನೋಡಿಕೊಂಡು, ಒಂಬತ್ತನೇ ಸುತ್ತಿಗೆ ಕುದುರೆಗಳನ್ನು ಬಿಟ್ಟೆ. ನುಗ್ಗಿದವು, ಅರ್ಧ ಸತ್ತವು, ಎರಡು ಸುತ್ತಿನಷ್ಟು ಹೊತ್ತು ಗಳಿಸಿಕೊಟ್ಟವು. ಆಕೆ ದಾಳ ಎಸೆಯುವಾಗ ತುಟಿ ಕಚ್ಚಿಕೊಳ್ಳುತ್ತಿದ್ದರು. ಹನ್ನೊಂದನೇ ಸುತ್ತಿಗೆ ನನ್ನ ಒಂದು ದಂಡು ಹಿಂದೆ ದಾಟಿ ಬಂತು. ಹನ್ನೆರಡನೆಯದು ಮುಗಿದಾಗ ಆಚೆ ದಡದಲ್ಲಿ ಇಪ್ಪತ್ತೊಂಬತ್ತು ಬೀಜ. ಮೂವತ್ತನೆಯದು ಸೇತುವೆಯ ನಡುವೆ.

"ಒಂದೇ ಅಮ್ಮಾ," ಎಂದೆ. "ಅರ್ಧಕ್ಕಿಂತ ಮುಂದೆ ಬಂದಿದೆ. ದಾಟಿತು ಅಂತಲೇ ಇಟ್ಕೊಳ್ಳೋಣ."

"ಬೇಡ. ಸುಳ್ಳಿಗೆ ಗೆಲ್ಲಿಸಿದ್ರೆ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡೋರು. ಸೋತಿದ್ದಾರೆ. ನನ್ನ ಕೈಯಲ್ಲಿ ಸೋತಿದ್ದಾರೆ." ಆ ಬೀಜವನ್ನು ಎತ್ತಿ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಆಮೇಲೆ ಅತ್ತರು. ಬಾಯಿಗೆ ಸೆರಗು ಒತ್ತದೆ, ದನಿ ತೆಗೆದು. ಮುಂದಿನ ವರ್ಷ ಕೇಳಿಸುತ್ತದೆ ಎನ್ನುವ ಹಂಗೂ ಇಲ್ಲದೆ ಅತ್ತರು.

ಪೆಟ್ಟಿಗೆ ಮೇಜು ಎಲ್ಲ ಮನೆಗೆ ಒಯ್ಯುತ್ತಾರೆ ಎಂದುಕೊಂಡು ನಾನು ಸಿಪಾಯಿಗಳನ್ನು ಹತ್ತಿಯಲ್ಲಿ ಸುತ್ತತೊಡಗಿದ್ದೆ. ಅವರು ಮೂಗು ಒರೆಸಿಕೊಂಡು, "ಯಾಕೆ ಎತ್ತಿಡ್ತೀಯ? ಮೂವತ್ತೈದನೇದು ಆಡಲ್ವಾ?" ಎಂದರು.

ಒಂದು ಮಾತನ್ನು ನಾನು ಇಲ್ಲಿಯವರೆಗೆ ಹೇಳಿಲ್ಲ. ಶಾಂಭವಮ್ಮನಿಗೂ ಹೇಳಿರಲಿಲ್ಲ. ಜೂನ್ ಬಂದು ಊರಿನಲ್ಲಿ ನನಗೆ ವರ್ಷ ತುಂಬಿತು. ನನ್ನ ಮರುಮಾತುಗಳು ಶುರುವಾದವು. ಕ್ಲಾಸಿನಲ್ಲಿ ಹೋದ ವರ್ಷದ ನಾನು ಕಂಕುಳ ಸುತ್ತು ಎನ್ನುವಾಗ ಈ ವರ್ಷದ ನಾನು ಕಾಲರು ಎನ್ನುತ್ತ, ಹೆಂಗಸರು ಗೊಳ್ಳೆಂದು ನಗುತ್ತಿದ್ದರು. ನಾಲ್ಕು ಗಂಟೆಯ ಮರುಮಾತು ಮಾತ್ರ ನಗುವಂಥದ್ದಾಗಿರಲಿಲ್ಲ. ಹೋದ ವರ್ಷ ಮೇಷ್ಟ್ರ ದನಿಗೆ ನಾನು ಕೊಡುತ್ತಿದ್ದ ಉತ್ತರಗಳು ಅವು. ಮೊದಮೊದಲು ಬರೀ ಹೂಂ, ಆರು ಇಂಚು ಸರಿಯಾಯ್ತು, ಅಯ್ಯೋ ಪಾಪ ಎನ್ನುವುದು. ಶಾಂಭವಮ್ಮ ಎದುರಿಗೆ ಕೂತು ಕೇಳಿಯೂ ಕೇಳದಂತೆ ಆಡುತ್ತಿದ್ದರು. ಆದರೆ ಅಳತೆ ಪುಸ್ತಕದಲ್ಲಿ ಹದಿನೇಳನೇ ಯುದ್ಧದ ಕೆಳಗೆ ಸೆಪ್ಟೆಂಬರ್ ಹದಿನೆಂಟು ಎಂದು ತಾರೀಖಿತ್ತು. ಆ ಸಂಜೆ ಏನಂದಿದ್ದೆ ಎನ್ನುವುದು ನನಗೆ ಚೆನ್ನಾಗಿ ನೆನಪಿತ್ತು.

ಹದಿನೇಳನೇ ತಾರೀಖು ಆಟ ನಿಲ್ಲಿಸುವಾಗ ಹೇಳಿದೆ. "ನಾಳೆ ಬೇಡಮ್ಮ. ನನಗೆ ಬೇರೆ ಕಡೆ ಕೆಲಸ ಇದೆ."

ಆ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ಹೊಸದಲ್ಲ. ಶಾಂಭವಮ್ಮ ನನ್ನ ಮುಖವನ್ನೇ ನೋಡಿದರು. "ನಾಳೆ ನಿಂದು ಏನೋ ಬರೋದಿದೆ, ಅಲ್ವೇ?"

ನಾನು ಅಳತೆ ಟೇಪು ಸುತ್ತತೊಡಗಿದೆ.

"ಬರ್ತೀನಿ" ಎಂದು ಎದ್ದು ಹೋದರು.

ಮಾರನೆಯ ದಿನ ಬಂದು ತಮ್ಮ ಬದಿಗೆ ಕೂತರು. ಆಟ ನಡೆಯಿತು. ನಾನು ಯಾವ ಸಿಪಾಯಿಯನ್ನು ಎಲ್ಲಿ ಸರಿಸಿದೆನೋ ನನಗೇ ಗೊತ್ತಾಗಲಿಲ್ಲ. ಐದೂವರೆ ಆಯಿತು. ಮೇಷ್ಟ್ರ ದನಿ ಇದ್ದ ಕಾಲದಲ್ಲಿ ಅವರು ಎದ್ದು ಹೊರಡುತ್ತಿದ್ದ ಹೊತ್ತು ಅದು. ಆಗ ಮೇಜಿನ ಪಕ್ಕದಿಂದ ನನ್ನದೇ ದನಿ, ನಾನೇ ಗುರುತು ಹಿಡಿಯಲಾರದಷ್ಟು ಎಳೆಯದಾಗಿ, ಕೇಳಿತು. "ನಾಳೆ ಸ್ವಲ್ಪ ಬೇಗ ಬನ್ರೀ. ಕಾಯ್ತಿರ್ತೀನಿ."

ಶಾಂಭವಮ್ಮ ದಾಳ ಹಿಡಿದ ಕೈಯನ್ನು ಮೇಜಿನ ಮೇಲಿಟ್ಟರು. ನಾನು ನೆಲ ನೋಡುತ್ತಿದ್ದೆ. ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಎಲ್ಲಿಗೂ ಬೇಗ ಬಂದ ಮನುಷ್ಯನೇ ಅಲ್ಲ ಕಣೇ ಅವರು," ಎಂದರು ಕೊನೆಗೆ. "ನನ್ನ ಮದುವೆ ಮುಹೂರ್ತಕ್ಕೇ ಅರ್ಧ ಗಂಟೆ ಕಾಯಿಸಿದ್ರು."

ದಾಳವನ್ನು ನನ್ನ ಕಡೆ ತಳ್ಳಿದರು. "ನಿನ್ನ ಸರದಿ. ಆಡು."